ಅಪ್‌ಡೇಟ್: ಫಾರ್ಚುನರ್ ಬಿಟ್ಟು ಹೈಕ್ರಾಸ್ ತಗೊಂಡೆವು

ಹೋದ ತಿಂಗಳು ಕೇಳಿದ್ದೆನಲ್ಲ, ಮನೆಯಲ್ಲಿ ಏಳು ಜನ, ಟೊಯೋಟಾದ ಫಾರ್ಚುನರ್ ಕಾರು ತಗೊಳ್ಳೋದಾ ಇಲ್ಲ ಅವರದೇ ಇನ್ನೋವಾ ಹೈಕ್ರಾಸಾ ಅಂತ. ನೀವು ಹೇಳಿದಂತೆ ಅಮ್ಮನನ್ನೇ ಶಿವಮೊಗ್ಗಕ್ಕೆ ಕರೆದೊಯ್ದು ಎರಡಕ್ಕೂ ಹತ್ತಿಸಿ ನೋಡಿದೆ.

ಅಮ್ಮನಿಗೆ ಮಂಡಿನೋವು. ಫಾರ್ಚುನರ್ ಹತ್ತಿ, "ಅಟ್ಟ ಹತ್ತಿದ ಹಾಗಾಯ್ತಲ್ಲೋ" ಅಂದರು. ಹೈಕ್ರಾಸ್‌ನಲ್ಲಿ ಸೀದಾ ಹೋಗಿ ಕೂತರು. ಅಳತೆ ನೋಡಿದರೆ ತಮಾಷೆಯಾಗಿದೆ. ಉದ್ದ ಫಾರ್ಚುನರ್‌ದೇ ಜಾಸ್ತಿ, 4795 ಮಿ.ಮೀ. ಹೈಕ್ರಾಸ್ 4755. ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಹೈಕ್ರಾಸ್‌ನಲ್ಲಿ 2850, ಫಾರ್ಚುನರ್‌ನಲ್ಲಿ 2745. ಹಾಗಾಗಿ ಒಳಗೆ ಕಾಲು ಚಾಚೋಕೆ ಜಾಗ ಹೈಕ್ರಾಸ್‌ನಲ್ಲೇ ಜಾಸ್ತಿ. ಜೊತೆಗೆ ಫಾರ್ಚುನರ್ ಲ್ಯಾಡರ್ ಫ್ರೇಮ್ (ಏಣಿಯಂಥ ಉಕ್ಕಿನ ಚೌಕಟ್ಟು) ಮೇಲೆ ಕೂತ ಗಾಡಿ, ಹಾಗಾಗಿ ಒಳಗಿನ ನೆಲ ಎತ್ತರ. ಮೂರನೇ ಸಾಲಲ್ಲಿ ಕೂತಾಗ ನನ್ನ ಮಂಡಿ ಎದೆಯ ಹತ್ತಿರ ಬಂತು.

ಕೊನೆಗೆ ಹೈಕ್ರಾಸೇ ತಗೊಂಡೆವು. ಮೊನ್ನೆ ತೀರ್ಥಹಳ್ಳಿ ಮೇಲೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬಂದೆವು. ಆರಡಿ ಎತ್ತರದ ಭಾವ ಹಿಂದಿನ ಸಾಲಲ್ಲಿ ಕೂತು ಗೊರಕೆ ಹೊಡೆದರು! ತಿರುವಿನಲ್ಲಿ ತಂಗಿ ಮಗನಿಗೆ ವಾಂತಿಯಾಯಿತು, ಅದು ಯಾವ ಗಾಡಿಯಾದರೂ ಆಗುತ್ತೆ ಬಿಡಿ.

ಇದರಲ್ಲಿ ಫೋರ್ ಬೈ ಫೋರ್ ಇಲ್ಲ, ಎಳೆಯುವುದು ಮುಂದಿನ ಚಕ್ರ ಮಾತ್ರ. ಮಳೆಗಾಲದಲ್ಲಿ ತೋಟದ ಕೆಸರು ದಾರಿಗೆ ಹಳೇ ಜೀಪೇ ಗತಿ. ಅದನ್ನು ಮಾರಿಲ್ಲ.