‘ಇಳಕಲ್’ ಎಂದಷ್ಟೇ ಹುಡುಕಿದರೆ ಸೀರೆಯ ಪುಟ ಮೇಲೆ ಬರುವುದಿಲ್ಲವೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಕೆಲವು ನೇಕಾರ ಕುಟುಂಬಗಳು ಕೈಮಗ್ಗದಲ್ಲಿ ನೇಯ್ದ ಸೀರೆಗಳನ್ನು ನೇರವಾಗಿ ಮಾರುವ ಜಾಲತಾಣವೊಂದನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ‘ಇಳಕಲ್ ಸೀರೆ’ ಎಂದು ಹುಡುಕುವವರಿಗೆ ನಮ್ಮ ತಾಣ ಮೊದಲ ಪುಟದಲ್ಲಿಯೇ ಸಿಗುತ್ತದೆ. ಆದರೆ ‘ಇಳಕಲ್’ ಎಂಬ ಒಂದೇ ಪದಕ್ಕೆ ಊರಿನ ನಕ್ಷೆ, ವಿಕಿಪೀಡಿಯ ಲೇಖನ, ಕೆಂಪು ಗ್ರಾನೈಟ್ ವ್ಯಾಪಾರಿಗಳ ಪುಟಗಳು ಮುಂದೆ ನಿಲ್ಲುತ್ತವೆ. ನಾವು ಏನನ್ನೂ ಬದಲಿಸದಿದ್ದರೂ, ಗೂಗಲ್ ಶೋಧದಲ್ಲಿ ತಾಣ ಹೇಗೆ ಕಾಣಿಸುತ್ತಿದೆ ಎಂದು ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ಈ ಪದದ ಸರಾಸರಿ ಸ್ಥಾನ ಒಮ್ಮೆ ಏರುತ್ತದೆ, ಒಮ್ಮೆ ಕುಸಿಯುತ್ತದೆ. ಹಲವು ಅರ್ಥಗಳಿರುವ ಪದವನ್ನು ಶೋಧ ಯಂತ್ರ ಹೇಗೆ ನಿಭಾಯಿಸುತ್ತದೆ? ಆ ಒಂಟಿ ಪದಕ್ಕಾಗಿ ನಾವು ಶ್ರಮ ಹಾಕುವುದು ಸರಿಯೇ? ನೇಕಾರರ ದುಡಿಮೆ ಇದನ್ನು ನಂಬಿಕೊಂಡಿರುವುದರಿಂದ ತಿಳಿದವರು ವಿವರವಾಗಿ ಹೇಳಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಇಲ್ಲಿ ನಿಮ್ಮ ಪುಟ ಇನ್ನೊಂದು ಪುಟಕ್ಕೆ ಸೋತಿಲ್ಲ. ಆ ಪದಕ್ಕೆ ಇರುವ ಅರ್ಥಗಳಲ್ಲಿ ಸೀರೆ ಎಂಬ ಅರ್ಥಕ್ಕೆ ದೊರೆತಿರುವ ಪಾಲೇ ಚಿಕ್ಕದು. ಗೂಗಲ್ ತನ್ನ ಫಲಿತಾಂಶಗಳ ಗುಣಮಟ್ಟ ಅಳೆಯುವವರಿಗೆ ಕೊಡುವ ಮಾರ್ಗಸೂಚಿಯಲ್ಲಿ ಒಂದು ಪದದ ಅರ್ಥಗಳನ್ನು ಪ್ರಧಾನ, ಸಾಮಾನ್ಯ, ಗೌಣ ಎಂದು ವಿಂಗಡಿಸಲಾಗಿದೆ. ಬಹುಪಾಲು ಜನರು ಬಯಸುವುದು ಪ್ರಧಾನ ಅರ್ಥ. ಎಷ್ಟೋ ಪದಗಳಿಗೆ ಅಂಥದ್ದೊಂದು ಇರುವುದೇ ಇಲ್ಲ. 2012ರಲ್ಲಿ ವ್ಯಕ್ತಿ, ಸ್ಥಳ, ವಸ್ತುಗಳ ಮಾಹಿತಿ ಭಂಡಾರವಾದ ನಾಲೆಡ್ಜ್ ಗ್ರಾಫ್ ಅನ್ನು ಪರಿಚಯಿಸುವಾಗ ಗೂಗಲ್ ಕೊಟ್ಟ ಉದಾಹರಣೆ ‘ತಾಜ್ ಮಹಲ್’: ಅದು ಸ್ಮಾರಕವೂ ಆಗಬಹುದು, ಸಂಗೀತಗಾರರೂ ಆಗಬಹುದು, ಜೂಜುಗೃಹವೂ ಆಗಬಹುದು, ಪಕ್ಕದ ಬೀದಿಯ ಹೋಟೆಲೂ ಆಗಬಹುದು.

ಹುಡುಕುವವರ ಮನಸ್ಸಿನಲ್ಲಿ ಇರುವುದು ಯಾವುದೆಂದು ಖಚಿತವಿಲ್ಲದಾಗ ಯಂತ್ರವು ಮೊದಲ ಪುಟದ ಜಾಗಗಳನ್ನು ಬೇರೆ ಬೇರೆ ಅರ್ಥಗಳಿಗೆ ಹಂಚುತ್ತದೆ; ಒಂದೇ ಅರ್ಥದ ಹತ್ತು ಒಳ್ಳೆಯ ಪುಟಗಳನ್ನು ಸಾಲಾಗಿ ಇಟ್ಟರೆ ಉಳಿದ ಅರ್ಥದವರೆಲ್ಲ ಬರಿಗೈಯಲ್ಲಿ ಹಿಂತಿರುಗಬೇಕಾಗುತ್ತದೆ. ಆದ್ದರಿಂದ ‘ಇಳಕಲ್’ ಪದಕ್ಕೆ ನೀವು ಸ್ಪರ್ಧಿಸುತ್ತಿರುವುದು ಹತ್ತು ಜಾಗಗಳಿಗಲ್ಲ, ಸೀರೆಗೆಂದು ಉಳಿದ ಒಂದೆರಡಕ್ಕೆ. ಅಲ್ಲಿಗೆ ದೊಡ್ಡ ಮಾರಾಟ ತಾಣಗಳೂ ಬಂದು ನಿಂತಿರುತ್ತವೆ. ಯಾವ ಅರ್ಥಕ್ಕೆ ಎಷ್ಟು ಪಾಲು ಎಂಬುದನ್ನು ತೀರ್ಮಾನಿಸುವಲ್ಲಿ ಜನರ ಕ್ಲಿಕ್‌ಗಳ ಪಾತ್ರ ದೊಡ್ಡದು. ಗೂಗಲ್‌ನ ಪಾಂಡು ನಾಯಕ್ ಅವರು 2023ರಲ್ಲಿ ಗೂಗಲ್ ವಿರುದ್ಧದ ಅಮೆರಿಕದ ಏಕಸ್ವಾಮ್ಯ ಮೊಕದ್ದಮೆಯಲ್ಲಿ ಸಾಕ್ಷ್ಯ ನುಡಿದಾಗ, ನ್ಯಾವ್‌ಬೂಸ್ಟ್ ಎಂಬ ವ್ಯವಸ್ಥೆ 13 ತಿಂಗಳ ಕ್ಲಿಕ್ ದತ್ತಾಂಶವನ್ನು ಬಳಸುತ್ತದೆ ಎಂಬುದು ಬಹಿರಂಗವಾಯಿತು.

ಎರಡನೆಯ ಉತ್ತರ

ಸರಾಸರಿ ಸ್ಥಾನದ ಏರಿಳಿತದ ಬಗ್ಗೆ ಹೇಳುತ್ತೇನೆ. ಆ ಅಂಕಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ನಿಮ್ಮ ತಾಣ ಫಲಿತಾಂಶದಲ್ಲಿ ಕಾಣಿಸಿಕೊಂಡ ಸಂದರ್ಭಗಳನ್ನು ಮಾತ್ರ. ಮೊದಲು ಕಾಣಿಸದಿದ್ದ ಜನರಿಗೂ ನೀವು ಮೂರನೆಯ ಪುಟದಲ್ಲಿ ಕಾಣಿಸತೊಡಗಿದರೆ, ಹಾನಿಯೇನೂ ಆಗದಿದ್ದರೂ ಸರಾಸರಿ ಕುಸಿಯುತ್ತದೆ. ಜೊತೆಗೆ ಹುಡುಕುವವರು ಇರುವ ಜಾಗ ಬದಲಾದರೆ ಪದದ ಅರ್ಥವೂ ಬದಲಾಗುತ್ತದೆ. ಹತ್ತಿರದ ಹುನಗುಂದದಲ್ಲಿ ಕುಳಿತು ‘ಇಳಕಲ್’ ಎಂದು ಹುಡುಕುವವರಿಗೆ ಬಸ್ಸೋ ಬ್ಯಾಂಕೋ ಬೇಕಿರಬಹುದು. ಈ ಸೀರೆಯನ್ನು ತಲೆಮಾರುಗಳಿಂದ ಉಡುತ್ತ ಬಂದಿರುವ ಮಹಾರಾಷ್ಟ್ರದಲ್ಲಿ ಅದೇ ಪದ ಸೀರೆಯನ್ನೇ ಸೂಚಿಸುವ ಸಂಭವ ಹೆಚ್ಚು. ಸರ್ಚ್ ಕನ್ಸೋಲ್ ದೇಶವಾರು ಅಂಕಿ ಕೊಡುತ್ತದೆಯೇ ಹೊರತು ರಾಜ್ಯವಾರು ಕೊಡುವುದಿಲ್ಲ. ಹೀಗಾಗಿ ಇವೆರಡೂ ಬೆರೆತ ಒಂದೇ ಸಂಖ್ಯೆ ನಿಮಗೆ ಸಿಗುತ್ತಿದೆ.

ಇನ್ನೊಂದು ಸಂಗತಿ. ವಾಕ್ಯದ ಸಂದರ್ಭದಿಂದ ಪದದ ಅರ್ಥ ಗ್ರಹಿಸುವ ಬರ್ಟ್ ಮಾದರಿ 2019ರ ಡಿಸೆಂಬರ್‌ನಲ್ಲಿ ಕನ್ನಡವೂ ಸೇರಿದಂತೆ 70ಕ್ಕೂ ಹೆಚ್ಚು ಭಾಷೆಗಳ ಗೂಗಲ್ ಶೋಧಕ್ಕೆ ಬಂದಿತು. ಆದರೆ ಒಂಟಿ ಪದದಲ್ಲಿ ಅಂತಹ ಮಾದರಿಗೆ ಹಿಡಿಯಲು ಸಂದರ್ಭವೇ ಇರುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಊರಿನ ಇತಿಹಾಸ, ಬಸ್ಸಿನ ವೇಳಾಪಟ್ಟಿ ಮೊದಲಾದವುಗಳನ್ನೂ ನಮ್ಮ ತಾಣಕ್ಕೆ ಸೇರಿಸಿದರೆ ಆ ಪಾಲನ್ನೂ ಪಡೆಯಬಹುದೇ?

ಮೂರನೆಯ ಉತ್ತರ

ದಯವಿಟ್ಟು ಹಾಗೆ ಮಾಡಬೇಡಿ. ಬಸ್ಸು ಹುಡುಕಿ ಬಂದವರು ಸೀರೆ ಕಂಡು ಹಿಂತಿರುಗುತ್ತಾರೆ, ನಿಮ್ಮ ತಾಣ ಯಾವುದರ ಕುರಿತದ್ದು ಎಂಬ ಸ್ಪಷ್ಟತೆಯೂ ಮಸುಕಾಗುತ್ತದೆ. ಪದದ ಪ್ರಧಾನ ಅರ್ಥವನ್ನು ಒಂದು ತಾಣ ಬದಲಿಸಲಾರದು. ಅದು ಬದಲಾಗುವುದು ಲೋಕದ ಆಸಕ್ತಿ ಬದಲಾದಾಗ. 2020ರಲ್ಲಿ ‘ಕರೋನಾ’ ಎಂದು ಹುಡುಕಿದವರಿಗೆ ಸೂರ್ಯನ ಪ್ರಭಾವಲಯವೂ ಅದೇ ಹೆಸರಿನ ಬಿಯರೂ ಹಿಂದೆ ಸರಿದು ವೈರಸ್ಸೊಂದೇ ಮುಂದೆ ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ.

ನಿಮ್ಮ ಶ್ರಮ ಸಲ್ಲಬೇಕಾದದ್ದು ಅರ್ಥ ಸ್ಪಷ್ಟವಾಗಿರುವ ಹುಡುಕಾಟಗಳಿಗೆ. ಕೈಮಗ್ಗದ ಸೀರೆಯನ್ನು ಪವರ್‌ಲೂಮ್ ಸೀರೆಯಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ, ಒಡಲಿನ ಹಾಸುನೂಲಿಗೆ (ಉದ್ದನೆಯ ಎಳೆಗಳಿಗೆ) ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸುವ ಬಗೆ ಯಾವುದು, ಚಿಕ್ಕಿ ಅಂಚಿಗೂ ಗೋಮಿ ಅಂಚಿಗೂ ಇರುವ ಅಂತರವೇನು, ಗುಳೇದಗುಡ್ಡದ ಖಣದಲ್ಲಿ (ರವಿಕೆ ಬಟ್ಟೆಯಲ್ಲಿ) ಯಾವುದು ಯಾವ ಸೀರೆಗೆ ಒಪ್ಪುತ್ತದೆ ಎಂಬುದನ್ನೆಲ್ಲ ನಿಮ್ಮ ನೇಕಾರರಷ್ಟು ಅಧಿಕಾರದಿಂದ ಬರೆಯಬಲ್ಲವರು ಬೇರೆ ಯಾರಿದ್ದಾರೆ? ಪುಟದ ಶೀರ್ಷಿಕೆಯಲ್ಲಿ ‘ಇಳಕಲ್’ ಒಂದನ್ನೇ ಬಿಡದೆ ‘ಇಳಕಲ್ ಕೈಮಗ್ಗದ ಸೀರೆ’ ಎಂದು ಪೂರ್ತಿಯಾಗಿ ಬರೆಯಿರಿ. ಪ್ರತಿ ಸೀರೆಯ ಪುಟಕ್ಕೂ ಸ್ಕೀಮಾ ಡಾಟ್ ಆರ್ಗ್‌ನ ಉತ್ಪನ್ನ ಗುರುತು (ಪುಟದಲ್ಲಿರುವುದು ಏನೆಂದು ಯಂತ್ರಕ್ಕೆ ಹೇಳುವ ಸಂಕೇತ) ಹಾಕಿ. ಅದರಿಂದ ಸ್ಥಾನ ಏರುತ್ತದೆಂಬ ಭರವಸೆಯಿಲ್ಲ, ಆದರೆ ಪುಟ ಊರಿನದ್ದಲ್ಲ, ಮಾರಾಟದ ವಸ್ತುವಿನದ್ದು ಎಂಬುದು ಯಂತ್ರಕ್ಕೆ ಸಂಶಯವಿಲ್ಲದೆ ತಿಳಿಯುತ್ತದೆ.

ವರದಿ ನೋಡುವಾಗ ‘ಸೀರೆ’, ‘ಸೆರಗು’, ‘ಖಣ’ ಇರುವ ಹುಡುಕಾಟಗಳನ್ನು ಸೋಸಿ ಬೇರೆ ಇಡಿ, ಒಂಟಿ ಪದವನ್ನು ಬೇರೆ ಇಡಿ. ನೇಕಾರರಿಗೆ ತೋರಿಸಬೇಕಾದ ಲೆಕ್ಕ ಮೊದಲನೆಯದು.