ಕಾಫಿ ಹೊಟ್ಟಿನ ಟಿಜಿಎ: ಒಂದೇ ರನ್ ಸಾಕಾ?

ಮೂಡಿಗೆರೆ_ಮಳೆ: ಟಿಜಿಎ (ಬಿಸಿ ಮಾಡುತ್ತಾ ತೂಕ ಇಳಿಯುವುದನ್ನು ಅಳೆಯುವ ಪರೀಕ್ಷೆ) ಮಾಡಿದೆ: ಕಾಫಿ ಚೆರಿ ಹೊಟ್ಟು, ನೈಟ್ರೋಜನ್, ನಿಮಿಷಕ್ಕೆ 10 ಡಿಗ್ರಿ, ಒಂದೇ ರನ್. ಕೋಟ್ಸ್-ರೆಡ್‌ಫರ್ನ್ (ಒಂದೇ ರನ್‌ಗೆ ರಿಯಾಕ್ಷನ್ ಮಾಡೆಲ್ ಊಹಿಸಿ ಗೆರೆ ಹಾಕುವ ವಿಧಾನ) ಹಾಕಿದರೆ ಐದು ಮಾಡೆಲ್‌ಗೂ ಆರ್ ಸ್ಕ್ವೇರ್ (ಗೆರೆ ಎಷ್ಟು ಚೆನ್ನಾಗಿ ಕೂರುತ್ತದೆ ಎಂಬ ಅಳತೆ) 0.99. ಆಕ್ಟಿವೇಶನ್ ಎನರ್ಜಿ (ರಿಯಾಕ್ಷನ್ ಶುರುವಾಗಲು ದಾಟಬೇಕಾದ ಶಕ್ತಿಯ ತಡೆ) ಮಾತ್ರ ಐದು ಥರ. ಯಾವುದನ್ನು ಬರೆಯಲಿ? ಇನ್ನೂ ಮೂರು ರನ್‌ಗೆ ದುಡ್ಡು ಸುರಿಯಲೇಬೇಕಾ?

ಸುಣ್ಣದಕಲ್ಲು: ಸುರಿಯಲೇಬೇಕು. ನಮ್ಮದು ಕ್ಯಾಲ್ಸೈಟ್ (ಸುಣ್ಣದಕಲ್ಲಿನ ಖನಿಜ). ಫಸ್ಟ್ ಆರ್ಡರ್ ಮಾಡೆಲ್ ಬಿಟ್ಟು ಎ2 ಅನ್ನೋ ಇನ್ನೊಂದು ಮಾಡೆಲ್ ಹಾಕಿದ ಕೂಡಲೇ ಎನರ್ಜಿ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು, ಗೆರೆ ಮಾತ್ರ ಅಷ್ಟೇ ನೇರ. ಗಣಿತವೇ ಹಾಗಿದೆ, ಸ್ಯಾಂಪಲ್ ಏನೂ ಹೇಳುತ್ತಿಲ್ಲ. 2.5, 5, 10, 20 ರೇಟ್‌ಗಳಲ್ಲಿ 30ರಿಂದ 900ರವರೆಗೆ ಓಡಿಸಿದರೆ ಬಿಸಿ ಮಾಡುವುದಕ್ಕೇ ಸುಮಾರು 11 ಗಂಟೆ, 2.5ರದ್ದೊಂದೇ 5 ಗಂಟೆ 48 ನಿಮಿಷ. ಪ್ರತಿ ರೇಟ್‌ಗೂ ಖಾಲಿ ಕ್ರೂಸಿಬಲ್ ರನ್ ಬೇರೆ. ಅದನ್ನು ಕಳೆಯದಿದ್ದರೆ ಬಾಯನ್ಸಿ (ಸುತ್ತಲಿನ ಗ್ಯಾಸ್ ಮೇಲಕ್ಕೆತ್ತುವ ಬಲ) ತೂಕ ತಿರುಚುತ್ತದೆ. 20 ಮಿಲಿಗ್ರಾಂ ತುಂಬಿದ ಸೆಟ್ಟು ಪೂರ್ತಿ ಕಸದಬುಟ್ಟಿಗೆ: ಒಳಗೇ ಸಿಕ್ಕಿಕೊಂಡ ಕಾರ್ಬನ್ ಡೈಆಕ್ಸೈಡ್ ರಿಯಾಕ್ಷನ್ನನ್ನೇ ತಡೆಯಿತು. ಮಿಲಿಗ್ರಾಂ ಗುಣಿಸು ರೇಟ್ 100 ದಾಟಬಾರದು. 20ರ ರೇಟ್‌ಗೆ 5 ಮಿಲಿಗ್ರಾಂ, ಅಷ್ಟೇ.

ಅಲ್ಯೂಮಿನಾ_ಹಾಸನ: 900ಕ್ಕೆ ಅಲ್ಯೂಮಿನಿಯಂ ಪ್ಯಾನ್ ಇಡಬೇಡಿ ಮಾರಾಯ್ರೆ. ಅದು 660ಕ್ಕೆ ಕರಗುತ್ತದೆ. ಸೆನ್ಸರ್‌ಗೆ ಅಂಟಿದರೆ ಎಲ್ಲಾ ರನ್‌ಗಳ ದುಡ್ಡು ಸೇರಿಸಿದರೂ ಹೊಸ ಸೆನ್ಸರ್ ಬರಲ್ಲ.

ಪೀಕ್_ಸಾಕು: ಇಷ್ಟೆಲ್ಲ ರಾಮಾಯಣ ಯಾಕೆ? 1957ರ ಕಿಸಿಂಜರ್ ಇದೆ. ಮೂರು ರೇಟ್, ಮೂರು ಪೀಕ್ (ತೂಕ ಅತಿ ವೇಗವಾಗಿ ಇಳಿಯುವ ಉಷ್ಣತೆ), ಒಂದು ಗೆರೆ. ಮಾಡೆಲ್ ಬೇಕಿಲ್ಲ. ನಮ್ಮ ಪೇಪರ್ ಅದರಲ್ಲೇ ಪಾಸಾಯ್ತು.

ಸುಣ್ಣದಕಲ್ಲು: ಪಾಸಾಗಿದ್ದಕ್ಕೂ ಸರಿಯಾಗಿದ್ದಕ್ಕೂ ಸಂಬಂಧ ಇಲ್ಲ ಸಾರ್. ಹೊಟ್ಟಿನಲ್ಲಿ ಹೆಮಿಸೆಲ್ಯುಲೋಸ್, ಸೆಲ್ಯುಲೋಸ್, ಲಿಗ್ನಿನ್ ಒಂದರ ಮೇಲೊಂದು ಬಿದ್ದಿರುತ್ತವೆ. ನಿಮ್ಮ ಆ ಒಂದು ನಂಬರ್ ಯಾರದ್ದು? ಫ್ರೀಡ್‌ಮನ್ ವಿಧಾನ ಹಾಕಿ ನೋಡಿ, ಕನ್ವರ್ಷನ್ (ರಿಯಾಕ್ಷನ್ ಎಷ್ಟು ಪಾಲು ಮುಗಿದಿದೆ ಅನ್ನೋದು) ಜೊತೆ ಎನರ್ಜಿಯೂ ಏರುತ್ತಾ ಹೋದರೆ ಕಿಸಿಂಜರ್ ಕಥೆ ಅಲ್ಲಿಗೇ ಮುಗೀತು.

ಪೀಕ್_ಸಾಕು: ಕೇಳಿದ್ದು ಕಾಫಿ, ನೀವು ಹೇಳ್ತಿರೋದು ಸುಣ್ಣ. ಫ್ರೀಡ್‌ಮನ್‌ಗೆ ಡೆರಿವೇಟಿವ್ (ತೂಕ ಇಳಿಯುವ ವೇಗ) ಬೇಕು, ನಾಯ್ಸ್ ಎಲ್ಲಾ ಅದರಲ್ಲೇ ಕುಣಿಯುತ್ತೆ, ಅದನ್ನು ಯಾಕೆ ಹೇಳಲ್ಲ?

ಗಾಳಿ_ಸೋರಿಕೆ: ಇಬ್ಬರೂ ಗ್ಯಾಸ್ ಮಾತೇ ಎತ್ತಿಲ್ಲ! 600ರ ಮೇಲೂ ಗೆರೆ ಸಮನಾಗಿ ಇಳೀತಿದ್ದರೆ ಎಲ್ಲಾ ಲಿಗ್ನಿನ್ ತಲೆಗೆ ಕಟ್ಟಬೇಡಿ, ಒಳಗೆ ಆಮ್ಲಜನಕ ಉಳಿದು ಇದ್ದಿಲು ಉರೀತಿರಬಹುದು. ಅರ್ಧ ಗಂಟೆ ಪರ್ಜ್ ಮಾಡಿ (ನೈಟ್ರೋಜನ್ ಹಾಯಿಸಿ ಒಳಗಿನ ಗಾಳಿ ಹೊರಹಾಕಿ). ಪರೀಕ್ಷೆಗೆ ಕ್ಯಾಲ್ಸಿಯಂ ಆಕ್ಸಲೇಟ್ ಮಾನೋಹೈಡ್ರೇಟ್ ಇಡಿ: ತೂಕ 12.3, 19.2, 30.1 ಶೇಕಡಾ ಹೀಗೆ ಮೂರು ಮೆಟ್ಟಿಲಲ್ಲಿ ಇಳಿಯಬೇಕು. ಎರಡನೇ ಮೆಟ್ಟಿಲಲ್ಲಿ ಡಿಟಿಎ (ಸ್ಯಾಂಪಲ್ ಶಾಖ ಹೀರುತ್ತಾ ಬಿಡುತ್ತಾ ತೋರಿಸುವ ಗೆರೆ) ಶಾಖ ಬಿಟ್ಟದ್ದನ್ನು ತೋರಿಸಿದರೆ ಗಾಳಿ ಇದೆ ಅಂತಲೇ ಅರ್ಥ. ಕಾರ್ಬನ್ ಮಾನಾಕ್ಸೈಡ್ ಅಲ್ಲೇ ಉರಿಯುತ್ತೆ.

ಚೆರಿ_ಸಕಲೇಶಪುರ: ಹೊಟ್ಟಿನ ಪೊಟ್ಯಾಸಿಯಂ ಮರೀಬೇಡಿ. ನೀರಲ್ಲಿ ತೊಳೆದರೆ ಅದು ಹೋಗಿ ಹೊಟ್ಟಿನ ಪೀಕ್ ಮೇಲಿನ ಉಷ್ಣತೆಗೆ ಸರಿಯುತ್ತೆ. ತೊಳೆದದ್ದು, ತೊಳೆಯದ್ದು ಬೆರೆಸಿದ ಚೀಲದಿಂದ ತೆಗೆದರೆ ಮೂರು ರನ್ ಮೂರು ಊರು. ಕನ್ವರ್ಷನ್ ಲೆಕ್ಕ 150 ದಾಟಿದ ಮೇಲೆ ಶುರು ಮಾಡಿ, ಇಲ್ಲದಿದ್ದರೆ ತೇವವೂ ರಿಯಾಕ್ಷನ್ ಲೆಕ್ಕಕ್ಕೆ ಸೇರುತ್ತೆ.

ಅಲ್ಯೂಮಿನಾ_ಹಾಸನ: 105ರಲ್ಲಿ ಒಣಗಿಸಿದರೆ ತೇವ ಎಲ್ಲಿರುತ್ತೆ?

ಚೆರಿ_ಸಕಲೇಶಪುರ: ಹಾಸನದಲ್ಲಿ ಇರಲ್ಲ ಬಿಡಿ. ಜುಲೈನಲ್ಲಿ ಘಟ್ಟದ ಕಡೆ ಓವನ್‌ನಿಂದ ತಕ್ಕಡಿಗೆ ಬರುವಷ್ಟರಲ್ಲಿ ಮತ್ತೆ ಹೀರಿಕೊಂಡಿರುತ್ತೆ. ಡೆಸಿಕೇಟರ್‌ನ ಸಿಲಿಕಾ ಜೆಲ್ ತೇವ ತುಂಬಿ ಗುಲಾಬಿ ಆಗಿದೆಯಾ ನೋಡಿ ಮೊದಲು.

ಅಲ್ಯೂಮಿನಾ_ಹಾಸನ: ನಮ್ಮದು ಕಿತ್ತಳೆ ಬಣ್ಣದ್ದು, ಹಸಿರಾಗುತ್ತೆ. ಗುಲಾಬಿ ಆಗೋದು ಕೋಬಾಲ್ಟ್ ಇರುವ ನೀಲಿಯದ್ದು ಕಣ್ರೀ.