ಅಪ್‌ಡೇಟ್: ಪುಡಿಹಿಮದಲ್ಲಿ ಸ್ಕೀ ಹೂತುಹೋಗುತ್ತಿದ್ದ ತೊಂದರೆ

ಹೊಸ ಹಿಮದಲ್ಲಿ ಸ್ಕೀ (ಹಿಮದ ಮೇಲೆ ಜಾರಲು ಬೂಟಿಗೆ ಸಿಕ್ಕಿಸುವ ಉದ್ದ ಹಲಗೆ) ತುದಿ ಹೂತು ಮುಗ್ಗರಿಸುತ್ತೇನೆ ಅಂತ ಹೋದ ವಾರ ಕೇಳಿದ್ದೆನಲ್ಲ? ಶನಿವಾರ ಸ್ವಿಟ್ಜರ್ಲೆಂಡಿನ ಆಂಡರ್‌ಮಾಟ್‌ನಲ್ಲಿ 2961 ಮೀಟರ್ ಎತ್ತರದ ಶಿಖರ ಗೆಮ್ಸ್‌ಸ್ಟಾಕ್‌ಗೆ ಹೋಗಿಬಂದೆ.

‘ಹಿಂದಕ್ಕೆ ವಾಲಿ’ ಅನ್ನೋ ಸಲಹೆ ಸುಮ್ನೆ ದಂಡ. ನಾಲ್ಕೇ ತಿರುವಿಗೆ ತೊಡೆಯೆಲ್ಲ ಉರಿ. ‘ಅಗಲದ ಸ್ಕೀ ಬಾಡಿಗೆಗೆ ತಗೊಳ್ಳಿ, ಎರಡೂ ಕಾಲಿಗೆ ಸಮ ಭಾರ ಹಾಕಿ’ ಅಂದವರಿಗೆ ದೊಡ್ಡ ನಮಸ್ಕಾರ. ಬೂಟಿನ ಕೆಳಗೆ ಸ್ಕೀ 108 ಮಿ.ಮೀ. ಅಗಲ ಇತ್ತು, ತುದಿ ತಾನಾಗೇ ಮೇಲೆದ್ದಿತು.

ಒಮ್ಮೆ ಬಿದ್ದಾಗ ಒಂದು ಸ್ಕೀ ಮಾಯ. ನಾನು ಕೆಳಗಡೆ ಹುಡುಕುತ್ತಿದ್ದೆ. ಗೈಡ್ ನಕ್ಕು, ಮೇಲುಗಡೆ ಕೋಲಿನಿಂದ ಚುಚ್ಚುತ್ತಾ ಹೋದರು. ಟಕ್ ಅಂತು! ಬಿದ್ದ ಜಾಗಕ್ಕಿಂತ ಮೇಲೇ ಹೂತಿತ್ತು.

ಬೇಗ ಹೋಗಿ. ಹನ್ನೊಂದಕ್ಕೆಲ್ಲ ಇಳಿಜಾರು ಪೂರ್ತಿ ಬೇರೆಯವರ ಸ್ಕೀ ಗೀರುಗೀರು. ಹಿಂದಿನ ಸಂಜೆ 5ಕ್ಕೆ ಬರುವ ಹಿಮಕುಸಿತದ ಮುನ್ನೆಚ್ಚರಿಕೆ ವರದಿಯನ್ನೂ ನೋಡಿಕೊಳ್ಳಿ.